ಪೆಟ್ಟುಬಿದ್ದ ಮಕ್ಕಳ ಮೂತ್ರನಾಳದ ಶಸ್ತ್ರಚಿಕಿತ್ಸೆ

ಹೆಸರೆತ್ತಲು ಸಂಕೋಚಪಡುವ ಅಂಗಗಳ ವಿಷಯವನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಕೇಳಬಹುದು. ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ತಿಳಿದಿರಬೇಕೆಂಬುದೇ ನನ್ನ ಉತ್ತರ.

ಮೂತ್ರಕೋಶದಿಂದ ಮೂತ್ರವನ್ನು ಹೊರಕ್ಕೊಯ್ಯುವ ನಾಳವು ಸೊಂಟದ ಮುಂದಿನ ಎಲುಬಿನ ಕೆಳಗೆ ಹಾದುಬರುತ್ತದೆ. ಮಗುವು ವಾಹನಕ್ಕೆ ಸಿಕ್ಕಿ ಆ ಎಲುಬು ಮುರಿದರೆ ಮೃದುವಾದ ನಾಳವೂ ಹರಿದುಹೋಗುವುದುಂಟು. ಬೇಲಿಯ ಮೇಲೋ ಸೈಕಲ್ಲಿನ ಕಂಬಿಯ ಮೇಲೋ ಕಾಲು ಕವಲಾಗಿ ಬಿದ್ದಾಗ ಜಜ್ಜಿಹೋಗುವುದೂ ಉಂಟು. ಹೆಣ್ಣುಮಕ್ಕಳ ನಾಳವು ಗಿಡ್ಡವಾದ್ದರಿಂದ ಅವರಲ್ಲಿ ಇದು ಅಪರೂಪ. ಆದರೆ ಸಂಭವಿಸಿದಾಗ ಯೋನಿಗೂ ಗಾಯವಾಗಿರುವುದು ಅನೇಕ ವೇಳೆ ಉಂಟಾದ್ದರಿಂದ, ನಾಚಿಕೆಗಾಗಿ ಪರೀಕ್ಷೆಯನ್ನು ತಪ್ಪಿಸಲಾಗದು.

ಮೂತ್ರದ್ವಾರದಲ್ಲಿ ರಕ್ತ ಕಂಡು, ಮೂತ್ರ ಹೋಗದೆ, ಕಿಬ್ಬೊಟ್ಟೆ ಉಬ್ಬಿದರೆ ನಾಳಕ್ಕೆ ಪೆಟ್ಟಾಗಿದೆಯೆಂದು ಶಂಕಿಸಬೇಕು. ಆಗ ಕೆಳಗಿನಿಂದ ಬಲವಂತವಾಗಿ ನಳಿಗೆಯನ್ನು ತೂರಿಸಿದರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು. ಆದುದರಿಂದ ವೈದ್ಯರು ಕಿಬ್ಬೊಟ್ಟೆಯ ಮೂಲಕವೇ ಮೂತ್ರಕೋಶಕ್ಕೆ ನಳಿಗೆಯನ್ನಿಟ್ಟು ಮೂತ್ರಕ್ಕೆ ಬೇರೆ ದಾರಿ ಮಾಡುವರು.

ತಾಯ್ತಂದೆಗಳಿಗೆ ಕಷ್ಟವಾದುದು ಮುಂದಿನ ಕಾಲ. ಸಾಮಾನ್ಯವಾಗಿ 3 ತಿಂಗಳಾದರೂ ಕಾಯಬೇಕು. ಮಗುವು ಮೂತ್ರದ ಚೀಲವನ್ನು ಹೊತ್ತು ತಿರುಗುವುದನ್ನು ಕಂಡು "ಇನ್ನೂ ಏಕೆ ತಡ?" ಎಂದು ಕೇಳುವುದು ಸಹಜವೇ. ಆದರೆ ಒಳಗೆ ಹೆಪ್ಪುಗಟ್ಟಿದ ರಕ್ತ ಕರಗಿ, ಬಾವು ಇಳಿದು, ಗಾಯದ ಕಲೆಯು ಗಟ್ಟಿಯಾಗಿ ನಿಂತ ಮೇಲೆಯೇ ಕೆಟ್ಟ ಭಾಗವಾವುದು, ಒಳ್ಳೆಯದಾವುದು ಎಂಬುದು ಸ್ಪಷ್ಟವಾಗುವುದು. ಬಳಿಕ ಮೇಲಿನಿಂದಲೂ ಕೆಳಗಿನಿಂದಲೂ ಕ್ಷ-ಕಿರಣಕ್ಕೆ ಕಾಣುವ ದ್ರವವನ್ನು ತುಂಬಿ, ಚಿತ್ರ ತೆಗೆದು, ನಡುವಣ ಅಂತರವನ್ನು ಅಳೆಯುವರು.

ಗಂಡುಮಕ್ಕಳಲ್ಲಿ ವೃಷಣಗಳ ಹಿಂದೆ ಕೊಯ್ದು, ಕಲೆಯನ್ನೆಲ್ಲ ಕತ್ತರಿಸಿ ತೆಗೆದು, ಆರೋಗ್ಯವಾದ ತುದಿಗಳೆರಡನ್ನು ಕೂಡಿಸಿ, ತಾನಾಗಿ ಕರಗುವ ನವುರಾದ ದಾರದಿಂದ ಹೊಲಿಯುವರು. ನಮ್ಮ ಹೊಲಿಗೆಯ ತರಗತಿಯಲ್ಲಿ ಕುಳಿತವರಿಗೆ ಗೊತ್ತು, ಬಿಗಿಯಾಗಿ ಎಳೆದು ಹೊಲಿದ ಬಟ್ಟೆಯು ಹೊಲಿಗೆಯ ಬಳಿಯಲ್ಲಿಯೇ ಬಿಡುವುದು. ಇಲ್ಲಿಯೂ ಎಳೆತವೇ ಶತ್ರು. ಅಂತರವು ಹೆಚ್ಚಾಗಿದ್ದರೆ ನಾಳದ ದಾರಿಯನ್ನು ಮೊಟಕು ಮಾಡಲು ಮುಂದಿನ ಎಲುಬಿನ ಕೆಳಭಾಗವನ್ನು ಸ್ವಲ್ಪ ಕೆತ್ತುವುದುಂಟು. ವೆಬ್‌ಸ್ಟರ್ ಮತ್ತು ರಾಮೋನ್ ಎಂಬವರು 1991ರಲ್ಲಿ ಈ ಕ್ರಮವನ್ನು ಹಂತಹಂತವಾಗಿ ವಿವರಿಸಿದರು. ನಾಳದ ಮುಂಭಾಗವು ಉದ್ದಕ್ಕೂ ಕಿರಿದಾಗಿದ್ದರೆ ಕೆನ್ನೆಯ ಒಳಪೊರೆಯಿಂದ ತೇಪೆ ಹಾಕುವರು. ಕೆನ್ನೆಯ ಪೊರೆಯನ್ನು ಮೂತ್ರಮಾರ್ಗಕ್ಕೆ ಬಳಸಿದ ಸಂಗತಿಯನ್ನು ಹಂಬಿ ಎಂಬ ಆಂಗ್ಲ ಶಸ್ತ್ರವೈದ್ಯರು 1941ರಲ್ಲಿಯೇ ಪ್ರಕಟಿಸಿದ್ದರು.

ಹೊಲಿಗೆ ಕೂಡುವವರೆಗೆ, ಸುಮಾರು 3 ವಾರ, ನಳಿಗೆಯು ಒಳಗಿರುವುದು. ಅದನ್ನು ತೆಗೆದ ಮೇಲೆ ಮಗುವಿನ ಮೂತ್ರಧಾರೆಯನ್ನು ತಾಯಿಯು ಗಮನಿಸುತ್ತಿರಬೇಕು. ಧಾರೆ ಸಣ್ಣಗಾದರೆ, ಮಗು ಮುಕ್ಕುತ್ತಿದ್ದರೆ, ಉರಿಯೂ ಜ್ವರವೂ ಮರುಕಳಿಸಿದರೆ, ನಾಳವು ಮತ್ತೆ ಕಿರಿದಾಗುತ್ತಿರಬಹುದು. ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.