ನಿಮಗಿದು ಗೊತ್ತೆ? ತೆರೆಯಲ್ಲೂ ಅಪ್ಪ–ಮಗ, ಮನೆಯಲ್ಲೂ ಅಪ್ಪ–ಮಗ!

ನಿವೃತ್ತ ಸೂಪರ್‌ಹೀರೋಗೂ ಅವನ ಮಿಂಚಿನ ಓಟದ ಮಗನಿಗೂ ಹಿಂದಿಯಲ್ಲಿ ದನಿ ಕೊಟ್ಟವರು ನಿಜವಾದ ಅಪ್ಪ–ಮಗ: ಶಾರುಖ್ ಖಾನ್ ಮತ್ತು ಆರ್ಯನ್. ಚಿತ್ರ 2004ರ ‘ದಿ ಇನ್‌ಕ್ರೆಡಿಬಲ್ಸ್’. ಹಿಂದಿಯಲ್ಲಿ ‘ಹಮ್ ಹೈ ಲಾಜವಾಬ್’. ವೇಷ ಕಳಚಿ ವಿಮಾ ಕಂಪನಿಯ ಕೆಲಸಕ್ಕೆ ಸೇರಿದ್ದ ವೀರ, ಹೆಂಡತಿ ಮಕ್ಕಳ ಸಮೇತ ಮತ್ತೆ ಕಣಕ್ಕಿಳಿಯುವ ಕತೆ. ಪಾಂಡವರ ಅಜ್ಞಾತವಾಸ ನೆನಪಾದರೆ ತಪ್ಪೇನಿಲ್ಲ.

ಈ ‘ಸೂಪರ್‌ಹೀರೋ’ವಿನ ಎಳವೆ ಕಳೆದದ್ದು ಮಂಗಳೂರಿನಲ್ಲಿ! ಶಾರುಖ್ ಸುಮಾರು ಐದು ವರ್ಷದವರೆಗೆ ಇಲ್ಲೇ ಇದ್ದರು. ತಾಯಿಯ ತಂದೆ ಇಫ್ತಿಕಾರ್ ಅಹ್ಮದ್ 1960ರ ದಶಕದಲ್ಲಿ ಇಲ್ಲಿನ ಬಂದರಿನ ಮುಖ್ಯ ಎಂಜಿನಿಯರ್. ನಂತೂರು ವೃತ್ತದಿಂದ ಹೆದ್ದಾರಿ 66ರಲ್ಲಿ ಉಡುಪಿ ಕಡೆ ಹೊರಟರೆ, ಕೂಳೂರು ಸೇತುವೆ ದಾಟಿದ ಮೇಲೆ ಸಿಗುವ ಪಣಂಬೂರೇ ಆ ಬಂದರಿನ ಜಾಗ. (ನಂತೂರಿನ ಟ್ರಾಫಿಕ್ ದಾಟಲಿಕ್ಕೂ ಒಬ್ಬ ಸೂಪರ್‌ಹೀರೋ ಬೇಕು, ಆ ಮಾತು ಬೇರೆ.)

ಅಪ್ಪ–ಮಗ ಮತ್ತೆ ಜತೆಯಾಗಿ ದನಿ ಕೊಟ್ಟದ್ದು 2019ರ ‘ದಿ ಲಯನ್ ಕಿಂಗ್’ಗೆ. ಅಪ್ಪ ಮುಫಾಸಾ, ಮಗ ಸಿಂಬಾ. 2024ರ ‘ಮುಫಾಸಾ’ಕ್ಕೆ ಕಿರಿಯ ಮಗ ಅಬ್‌ರಾಮ್ ಕೂಡ ಸೇರಿಕೊಂಡ. ಅವನದು ಮರಿ ಮುಫಾಸಾನ ದನಿ.