ಗ್ರಾಫಿಕ್ಸ್ ಕಾರ್ಡ್ ಕಾಯುತ್ತಿದ್ದರೆ ತಪ್ಪು ಕಾರ್ಡಿನದ್ದಾ, ಕೋಣೆಯದ್ದಾ?

ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ವಿಜಯನಗರದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ನನ್ ಗ್ರಾಫಿಕ್ಸ್ ಕಾರ್ಡ್ ಡಿಫೆಕ್ಟ್ ಪೀಸ್ ಅನ್ಸುತ್ತೆ. ಅರ್ಧ ಗಂಟೆ ಆಡಿದ್ರೆ ಗೇಮ್ ಎಳೆಯೋಕೆ ಶುರು ಮಾಡುತ್ತೆ, ಫ್ಯಾನ್ ಮಿಕ್ಸಿ ಥರ ಕೂಗುತ್ತೆ. ಮಾರಿ ಹೊಸದು ತಗೊಳ್ಲಾ?" ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ ಆರ್‌ಟಿಎಕ್ಸ್ 3060 ಅದು. ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ, "ಹೋಗಿದೆ, ಬದಲಾಯಿಸಿ" ಅಂದಿದ್ದರಂತೆ.

ಹೋಗಿ ನೋಡಿದೆ. ಮೂರನೇ ಮಹಡಿ, ಮೇಲೆ ಬಿಸಿಲಿಗೆ ಕಾದ ತಾರಸಿ, ಹತ್ತಡಿಗೆ ಹತ್ತಡಿ ಕೋಣೆ. ಇರೋದು ಒಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತೆ. ಮೇಜಿನ ಮೇಲೆ ಥರ್ಮಾಮೀಟರ್ ಇಟ್ಟೆವು. ಕೋಣೆ 34 ಡಿಗ್ರಿ, ಆಟ ನಡೆಯುವಾಗ ಕಾರ್ಡ್ 83 ಡಿಗ್ರಿ. ರಾತ್ರಿ ಹತ್ತಕ್ಕೆ ಅದೇ ಗೇಮ್, ಅದೇ ಫ್ಯಾನ್ ವೇಗ ಇಟ್ಟು ಮತ್ತೆ ನೋಡಿದೆವು. ಕೋಣೆ 27, ಕಾರ್ಡ್ 76. ಎರಡೂ ಸಲ ವ್ಯತ್ಯಾಸ 49 ಡಿಗ್ರಿ. ಕಾರ್ಡ್ ಮಧ್ಯಾಹ್ನ ಮಾಡಿದ ಕೆಲಸವನ್ನೇ ರಾತ್ರಿಯೂ ಮಾಡಿತ್ತು. ಬದಲಾಗಿದ್ದು ಕೋಣೆ.

ಈ 49ರ ಲೆಕ್ಕ ಅರ್ಥವಾದರೆ ಗ್ರಾಫಿಕ್ಸ್ ಕಾರ್ಡಿನ ವಿನ್ಯಾಸ ಬಹುಪಾಲು ಅರ್ಥವಾದ ಹಾಗೆ.

ಒಳಗೆ ಹೋದ ಕರೆಂಟೆಲ್ಲ ಬಿಸಿಯೇ

ಆರ್‌ಟಿಎಕ್ಸ್ 3060 ಬಂದದ್ದು 2021ರ ಫೆಬ್ರವರಿಯಲ್ಲಿ. ಮಧ್ಯಮ ದರ್ಜೆಯ ಕಾರ್ಡ್. ಇದರ ವಿದ್ಯುತ್ ಬಳಕೆಯ ಮಿತಿ 170 ವ್ಯಾಟ್. ಮಿಕ್ಸಿಯಲ್ಲಾದರೆ ಕರೆಂಟಿನ ಒಂದು ಪಾಲು ಚಟ್ನಿ ಅರೆಯುತ್ತೆ. ಕಾರ್ಡಿನಲ್ಲಿ ಹಾಗೆ ಹೊರಗೆ ಕಾಣುವ ಕೆಲಸ ಏನೂ ಇಲ್ಲ. ಲೆಕ್ಕ ಮಾಡಿ ಮುಗಿಸಿದ ಮೇಲೆ ಹೆಚ್ಚುಕಮ್ಮಿ 170 ವ್ಯಾಟೂ ಬಿಸಿಯಾಗಿಯೇ ಹೊರಬರುತ್ತೆ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಬಿಸಿ ಬಿಡುತ್ತೆ. ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ 300 ವ್ಯಾಟ್ ಅಂದುಕೊಂಡರೆ, ಗೇಮ್ ಆಡುವಾಗ ಆ ಕೋಣೆಯಲ್ಲಿ ಇನ್ನೂ ಮೂರು ಜನ ಕೂತಂತೆ.

ಈ ಬಿಸಿಯ ದೊಡ್ಡ ಪಾಲು ಹುಟ್ಟೋದು 276 ಚದರ ಮಿಲಿಮೀಟರಿನ ಚಿಪ್ಪಿನಲ್ಲಿ. ಅದು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಒಂದು ಚದರ ಸೆಂಟಿಮೀಟರಿನ ಲೆಕ್ಕ ಹಾಕಿದರೆ ಇಸ್ತ್ರಿಪೆಟ್ಟಿಗೆಯ ತಳಕ್ಕಿಂತ ಎಂಟು-ಹತ್ತು ಪಟ್ಟು ಹೆಚ್ಚು ಬಿಸಿ ಇಲ್ಲಿ ಹೊರಬರಬೇಕು. ಅದರ ಸುತ್ತಲಿನ ಭಾಗಗಳೂ ಕಾಯುತ್ತವೆ. ಪವರ್ ಸಪ್ಲೈಯಿಂದ 12 ವೋಲ್ಟ್ ಬರುತ್ತೆ, ಚಿಪ್ಪಿಗೆ ಬೇಕಾಗೋದು 1 ವೋಲ್ಟ್ ಆಸುಪಾಸು. ಅಷ್ಟು ಕಡಿಮೆ ವೋಲ್ಟಿನಲ್ಲಿ ಅಷ್ಟು ವ್ಯಾಟ್ ಕೊಡಬೇಕೆಂದರೆ ನೂರು ಆಂಪಿಯರ್ ದಾಟಿದ ಕರೆಂಟ್ ಹರಿಯಬೇಕು. ಮನೆಯ ಎಸಿ ಸಾಕೆಟ್ಟೇ 16 ಆಂಪಿಯರಿನದ್ದು. ವೋಲ್ಟ್ ಇಳಿಸುವ ಈ ಭಾಗವನ್ನೂ, ಪಕ್ಕದ ಮೆಮೊರಿ ಚಿಪ್ಪುಗಳನ್ನೂ ತಣ್ಣಗಿಡಬೇಕು.

ಇಡ್ಲಿ ಪಾತ್ರೆಯ ತಂತ್ರ

ಚಿಪ್ಪಿನ ಬೆನ್ನೂ ಅದರ ಮೇಲೆ ಕೂರುವ ಲೋಹದ ತಳವೂ ನೋಡೋಕೆ ನುಣುಪಾಗಿದ್ದರೂ ಸೂಕ್ಷ್ಮವಾಗಿ ಉಬ್ಬುತಗ್ಗು. ನಡುವೆ ಗಾಳಿ ಸಿಕ್ಕಿಹಾಕಿಕೊಂಡರೆ ಬಿಸಿ ದಾಟಲ್ಲ, ಯಾಕಂದರೆ ಗಾಳಿ ಕಂಬಳಿ ಇದ್ದ ಹಾಗೆ. ಆ ಸಂದುಗಳನ್ನು ತುಂಬೋಕೆ ಥರ್ಮಲ್ ಪೇಸ್ಟ್ ಹಚ್ಚುತ್ತಾರೆ. ವರ್ಷಗಳು ಕಳೆದಂತೆ ಅದು ಒಣಗುತ್ತೆ. ಸೆಕೆಂಡ್ ಹ್ಯಾಂಡ್ ಕಾರ್ಡಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಅಲ್ಲಿಂದ ಬಿಸಿಯನ್ನು ಒಯ್ಯೋದು ತಾಮ್ರದ ಹೀಟ್ ಪೈಪ್. ಅದು ಗಟ್ಟಿ ಸಲಾಕೆಯಲ್ಲ, ಒಳಗೆ ಟೊಳ್ಳು. ಗಾಳಿ ಹೊರತೆಗೆದು ಒಂದಿಷ್ಟು ನೀರು ಹಾಕಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡ ಇಲ್ಲದ್ದರಿಂದ ನೀರು 100 ಡಿಗ್ರಿಗೆ ಕಾಯದೆ ತುಂಬಾ ಕಡಿಮೆ ಬಿಸಿಗೇ ಆವಿಯಾಗುತ್ತೆ. ಆವಿ ತಣ್ಣಗಿರುವ ತುದಿಗೆ ಓಡಿ, ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತೆ. ಪೈಪಿನ ಒಳಗೋಡೆಯಲ್ಲಿ ಬತ್ತಿಯಂಥ ಪದರ ಇರುತ್ತೆ, ಅದು ನೀರನ್ನು ಹೀರಿಕೊಂಡು ವಾಪಸ್ ತರುತ್ತೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟೋದನ್ನು ನೋಡಿದ್ದೀರಲ್ಲ, ಆ ಮುಚ್ಚಳ ಸುಡೋದೂ ಇದೇ ಕಾರಣಕ್ಕೆ. ಹಬೆ ನೀರಾಗುವಾಗ ತನ್ನ ಬಿಸಿಯನ್ನು ಅಲ್ಲಿ ಬಿಟ್ಟುಕೊಡುತ್ತೆ.

ಕೊನೆಯ ಹಂತ ಅಲ್ಯೂಮಿನಿಯಂ ರೆಕ್ಕೆಗಳು, ಅಂದರೆ ಫಿನ್‌ಗಳು. ತೆಳು ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಸಣ್ಣ ಜಾಗದಲ್ಲೇ ಗಾಳಿಗೆ ತಾಗುವ ಮೈ ಹೆಚ್ಚಾಗುತ್ತೆ. ಆದರೆ ತೀರಾ ಹತ್ತಿರ ಇಟ್ಟರೆ ಫ್ಯಾನಿನ ಗಾಳಿ ನುಗ್ಗಲ್ಲ. ತಗಡು ಎಷ್ಟಿದೆ ಅನ್ನೋದರ ಜೊತೆಗೆ ತಗಡುಗಳ ನಡುವೆ ಬಿಟ್ಟ ಜಾಗವೂ ಮುಖ್ಯ. ಇದನ್ನು ನೆನಪಲ್ಲಿಡಿ, ಕೊನೆಗೆ ಬೇಕಾಗುತ್ತೆ.

ಉಳಿತಾಯ ಎಲ್ಲಿ?

3060ಗೆ ಎನ್ವಿಡಿಯಾ ತನ್ನದೇ ಆದ ಫೌಂಡರ್ಸ್ ಎಡಿಷನ್ ತರಲಿಲ್ಲ. ಚಿಪ್ ಅವರದ್ದು, ನಾವು ಕೊಳ್ಳುವ ಕಾರ್ಡಿನ ಬೋರ್ಡ್, ಹೀಟ್‌ಸಿಂಕ್, ಫ್ಯಾನ್ ಎಲ್ಲ ಏಸಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್‌ನಂಥ ಕಂಪನಿಗಳದ್ದು. ಹಾಗಾಗಿ ಒಂದೇ ಚಿಪ್ ಒಂದು ಫ್ಯಾನಿನ ಗಿಡ್ಡ ಕಾರ್ಡಿನಲ್ಲೂ ಸಿಗುತ್ತೆ, ಮೂರು ಫ್ಯಾನಿನ ಉದ್ದ ಕಾರ್ಡಿನಲ್ಲೂ ಸಿಗುತ್ತೆ. ಚಿಪ್ಪಿನ ಖರ್ಚು ಕಾರ್ಡ್ ಮಾಡುವವರ ಕೈಯಲ್ಲಿಲ್ಲ. ಕಡಿಮೆ ಬೆಲೆಗೆ ಮಾರಬೇಕು ಅಂದರೆ ಹೀಟ್ ಪೈಪಿನ ಸಂಖ್ಯೆ, ಫಿನ್‌ಗಳ ಗಾತ್ರ, ಫ್ಯಾನಿನ ಬೇರಿಂಗ್, ಇಂಥದ್ದರಲ್ಲೇ ಕೈ ಬಿಗಿ ಹಿಡಿಯಬೇಕು. ಹೊರಗಿನ ಪ್ಲಾಸ್ಟಿಕ್ ಕವಚ, ಬಣ್ಣದ ಲೈಟು ನೋಡಿದರೆ ಇದು ಗೊತ್ತಾಗಲ್ಲ.

ಹಾಗಂತ ಅಗ್ಗದ ಕೂಲರ್ ಮೋಸ ಅಂತಲ್ಲ. ಈ ಚಿಪ್ಪಿಗೆ ಹೇಳಿರುವ ಗರಿಷ್ಠ ತಾಪ 93 ಡಿಗ್ರಿ. ಅದಕ್ಕೂ ಮುಂಚೆ, 83ರ ಆಸುಪಾಸಿನಲ್ಲೇ, ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತೆ. ಕೂಲರ್ ಕೊಡೋದು ತಾಪದ ಭರವಸೆಯಲ್ಲ, ವ್ಯತ್ಯಾಸದ ಭರವಸೆ. 49 ಡಿಗ್ರಿ ವ್ಯತ್ಯಾಸದ ಕೂಲರ್ 22 ಡಿಗ್ರಿ ಎಸಿ ಕೋಣೆಯಲ್ಲಿ 71 ತೋರಿಸುತ್ತೆ, ಪಾಸ್. ನಮ್ಮ ಹುಡುಗನ ಕೋಣೆಯಲ್ಲಿ ಅದೇ ಕೂಲರ್ 83ಕ್ಕೆ ಬಂದು ನಿಲ್ಲುತ್ತೆ. ಯೂಟ್ಯೂಬ್ ರಿವ್ಯೂ ನೋಡುವಾಗ ಕಾರ್ಡಿನ ತಾಪದ ಜೊತೆ ಕೋಣೆಯ ತಾಪ ಹೇಳಿದ್ದಾರಾ ನೋಡಿ. ಹೇಳದಿದ್ದರೆ ಆ ಅಂಕಿ ನಿಮಗೆ ಉಪಯೋಗಕ್ಕೆ ಬರಲ್ಲ.

ನಮ್ಮೂರಿನದ್ದೇ ಒಂದು ಸಣ್ಣ ತೊಡಕೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತಿರ ಹತ್ತಿರ ಶೇ. 10ರಷ್ಟು ತೆಳು. ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಬಿಸಿ ಹೊತ್ತೊಯ್ಯುವ ಗಾಳಿ ಅಷ್ಟು ಕಡಿಮೆ. 'ಏರ್ ಕಂಡೀಷನ್ಡ್ ಸಿಟಿ' ಅನ್ನೋ ಹೆಸರೂ ಹಳೇದಾಯ್ತು. 2024ರ ಏಪ್ರಿಲ್ 28ರಂದು ಇಲ್ಲಿ 38.5 ಡಿಗ್ರಿ ದಾಖಲಾಗಿತ್ತು.

ಹೊಸ ಕಾರ್ಡ್ ತಗೊಳ್ಳಲಿಲ್ಲ

ನಾವು ಮಾಡಿದ್ದು ಮೂರೇ ಕೆಲಸ. ಫಿನ್‌ಗಳ ನಡುವೆ ಹತ್ತಿಯಂತೆ ಕೂತಿದ್ದ ಧೂಳು ತೆಗೆದೆವು. ಪೇಸ್ಟ್ ಬದಲಾಯಿಸಿದೆವು. ಆಫ್ಟರ್‌ಬರ್ನರ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಪವರ್ ಮಿತಿಯನ್ನು 170ರಿಂದ 130 ವ್ಯಾಟಿಗೆ ಇಳಿಸಿದೆವು. ಮಿತಿ ಇಳಿಸಿದಾಗ ಕಾರ್ಡ್ ವೋಲ್ಟನ್ನೂ ಇಳಿಸಿಕೊಳ್ಳುತ್ತೆ. ಚಿಪ್ ತಿನ್ನುವ ವಿದ್ಯುತ್ ವೋಲ್ಟಿನ ವರ್ಗದ ಲೆಕ್ಕದಲ್ಲಿ ಏರಿಳಿಯುತ್ತೆ, ಅಂದರೆ ವೋಲ್ಟ್ ಶೇ. 10 ಇಳಿದರೆ ಬಳಕೆ ಶೇ. 19ರಷ್ಟು ಇಳಿಯುತ್ತೆ. ವೇಗ ಅಷ್ಟು ಇಳಿಯಲ್ಲ. ಮುಂದಿನ ಭಾನುವಾರ ಕೋಣೆ ಅದೇ 34 ಇದ್ದಾಗ ಕಾರ್ಡ್ 68ರಲ್ಲಿತ್ತು. ಆಟದಲ್ಲಿ ವ್ಯತ್ಯಾಸ ಅವನ ಕಣ್ಣಿಗೇ ಗೊತ್ತಾಗಲಿಲ್ಲ.

ಅಕ್ಕನಿಗೆ ಇನ್ನೊಂದು ಲೆಕ್ಕ ಬೇಕಿತ್ತು. 300 ವ್ಯಾಟಿನ ಕಂಪ್ಯೂಟರ್ ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗೋದು 2022-23ರ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ. ಅದಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಆಮೇಲೆ ಕಂಪ್ಯೂಟರ್ ತಂದ ಮನೆಗೆ ಆ 45 ಯೂನಿಟ್ ಬಹುತೇಕ ಕೈಯಿಂದಲೇ. 40 ವ್ಯಾಟ್ ಇಳಿಸಿದ್ದರಿಂದ ತಿಂಗಳಿಗೆ 6 ಯೂನಿಟ್ ಉಳಿಯಿತು. ದೊಡ್ಡದಲ್ಲ. ಆದರೆ ಅಷ್ಟು ಬಿಸಿಯೂ ಆ ಕೋಣೆಗೆ ಬೀಳೋದು ತಪ್ಪಿತು.

ಮನೆಗಳ ನಡುವಿನ ಜಾಗ

ಉಳಿದ 260 ವ್ಯಾಟ್? ಕೂಲರ್ ಬಿಸಿಯನ್ನು ಇಲ್ಲವಾಗಿಸಲ್ಲ, ಚಿಪ್ಪಿನಿಂದ ಎತ್ತಿ ಕೋಣೆಗೆ ಹಾಕುತ್ತೆ ಅಷ್ಟೆ. ಕೋಣೆಯಿಂದ ಅದನ್ನು ಹೊರಗೆ ಒಯ್ಯಬೇಕಾದ್ದು ಕಿಟಕಿ. ಆ ಕಿಟಕಿಗೆ ಬೇಕಾದ ಜಾಗವನ್ನು ಪಕ್ಕದ ಗೋಡೆ ತಿಂದುಹಾಕಿದೆ.

ಮನೆಗಳ ನಡುವೆ ಬಿಡಬೇಕಾದ ಸೆಟ್‌ಬ್ಯಾಕ್ ಫಿನ್‌ಗಳ ನಡುವಿನ ಜಾಗ ಮಾಡುವ ಕೆಲಸವನ್ನೇ ಮಾಡುತ್ತೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಇಪ್ಪತ್ತು-ಮೂವತ್ತರ ಸೈಟುಗಳ ಸಾಲಿನಲ್ಲಿ ನಡೆದರೆ ಎಷ್ಟು ಮನೆಗಳ ನಡುವೆ ಅದು ಉಳಿದಿದೆ ಅಂತ ಕಾಣುತ್ತೆ. ಅಕ್ರಮ-ಸಕ್ರಮ ಯೋಜನೆ ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ಹೊರಟಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಈ ಚರ್ಚೆಯಲ್ಲಿ ನಾವು ಯಾವಾಗಲೂ ಕೇಳೋದು ಮಾಲೀಕರ ಕಷ್ಟ, ಪಾಲಿಕೆಯ ಆದಾಯ. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವವರ ಕೋಣೆಗೆ ಗಾಳಿ ಬರುತ್ತಾ ಅನ್ನೋದು ಯಾರ ಪಟ್ಟಿಯಲ್ಲೂ ಇರಲ್ಲ.

ಇದೇ ಊರಿನಲ್ಲಿ ಎನ್ವಿಡಿಯಾಗೆ ಎಂಜಿನಿಯರಿಂಗ್ ಕೇಂದ್ರ ಇದೆ. ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ಇಲ್ಲೇ ತೆರೆಯಿತು. ಚಿಪ್ ವಿನ್ಯಾಸದ ರಾಜಧಾನಿ ಅಂತ ಹೆಮ್ಮೆಪಡೋಣ, ತಪ್ಪಿಲ್ಲ. ಆದರೆ ಮುಂದಿನ ಸಲ ನಿಮ್ಮ ವಾರ್ಡಿಗೆ ಓಟು ಕೇಳೋಕೆ ಬಂದವರನ್ನು ಸೆಟ್‌ಬ್ಯಾಕ್ ಬಗ್ಗೆ ಒಂದು ಪ್ರಶ್ನೆ ಕೇಳಿ. ಅಕ್ಕನ ಮಗನ ಕಾರ್ಡ್ ಸರಿಯಾಯ್ತು, ಕೋಣೆ ಇನ್ನೂ 34 ಡಿಗ್ರಿಯೇ ಇದೆ.