ನಿನ್ನೆ ಬಂದ ಸೋದರಮಾವ

ಇಂಗ್ಲಿಷು ಕಲಿಯುವ ಕನ್ನಡ ಮಕ್ಕಳನ್ನು ಕಾಡುವ ಒಂದು ಕಾಲದ ಕಥೆ

ಸಂಜೆಯ ಕಾಫಿಯಾದ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಕುಳಿತ ಹುಡುಗಿ, ತನ್ನ ನೋಟುಬುಕ್ಕಿನ ಒಂದು ಪುಟವನ್ನು ತಂದೆಯ ಮುಂದೆ ಹಿಡಿಯುತ್ತಾಳೆ. ‘ಮೈ ಅಂಕಲ್ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂಬುದು ಅವಳು ಬರೆದ ವಾಕ್ಯ. ಅದರ ಮೇಲೆ ಕೆಂಪು ಶಾಯಿಯ ಗೀಟು.

“ಇದರಲ್ಲಿ ಏನಪ್ಪಾ ತಪ್ಪು?”

ತಂದೆ ಎರಡು ಸಲ ಓದಿ ನೋಡುತ್ತಾರೆ. ಕಚೇರಿಯ ಕಾಗದಪತ್ರವನ್ನೆಲ್ಲ ಇಂಗ್ಲಿಷಿನಲ್ಲೇ ನಡೆಸಿದವರು. ಎಲ್ಲೋ ಏನೋ ಸರಿಯಿಲ್ಲವೆಂದು ಕಿವಿಗೆ ತಟ್ಟುತ್ತದೆ. ಏಕೆಂಬುದು ಮಾತ್ರ ಬಾಯಿಗೆ ಬರುವುದಿಲ್ಲ.

“ಮೇಷ್ಟ್ರು ಏನು ಹೇಳಿದರು?”

“‘ಯೆಸ್ಟರ್‌ಡೇ’ ಇದ್ದ ಕಡೆ ‘ಹ್ಯಾಸ್’ ಬರಬಾರದಂತೆ. ರೂಲಂತೆ.”

“ಸರಿ ಮತ್ತೆ. ರೂಲೆಂದರೆ ರೂಲು.”

ಯಾರ ವಿಷಯವಾಗಿ ಈ ಚರ್ಚೆ ನಡೆದಿದೆಯೋ ಆ ಸೋದರಮಾವ ಅಲ್ಲಿಯೇ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದಾರೆ. ಅವರು ನಿನ್ನೆ ಬಂದದ್ದೂ ನಿಜ, ಈಗ ಇರುವುದೂ ನಿಜ. ಕನ್ನಡದಲ್ಲಿ ‘ಮಾವ ನಿನ್ನೆ ಬಂದಿದ್ದಾರೆ’ ಎಂದರೆ ಎರಡೂ ಒಂದೇ ಉಸಿರಿನಲ್ಲಿ ತಿಳಿದುಹೋಗುತ್ತದೆ. ಹುಡುಗಿ ಮಾಡಿದ್ದು ಇಷ್ಟೆ: ತನ್ನ ತಾಯ್ನುಡಿಯ ಅಚ್ಚುಕಟ್ಟಾದ ವಾಕ್ಯವೊಂದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ಇಳಿಸಿದಳು. ಅವಳ ತಪ್ಪು ದಡ್ಡತನದ್ದಲ್ಲ, ತರ್ಕದ್ದು. ಅದನ್ನು ತಿದ್ದುವವರು ಈ ವ್ಯತ್ಯಾಸವನ್ನು ಅರಿತಿದ್ದರೆ ಪಾಠದ ದಾರಿಯೇ ಬೇರೆಯಾಗುತ್ತದೆ.

ಎರಡು ಭಾಷೆ, ಎರಡು ಕಟ್ಟಡ

‘ಪ್ರೆಸೆಂಟ್ ಪರ್ಫೆಕ್ಟ್’ ಎಂಬ ಈ ಕಾಲವನ್ನು ಕನ್ನಡದಲ್ಲಿ ಪೂರ್ಣ ವರ್ತಮಾನವೆನ್ನಬಹುದು. ಹೆಸರಿನಲ್ಲೇ ಒಂದು ವಿಚಿತ್ರವುಂಟು. ಮುಗಿದುಹೋದ ಕೆಲಸಕ್ಕೆ ವರ್ತಮಾನವೆಂಬ ಹೆಸರೇಕೆ? ಏಕೆಂದರೆ, ಕೆಲಸ ಮುಗಿದಿದ್ದರೂ ಅದನ್ನು ಹೇಳುವವನು ನಿಂತು ನೋಡುತ್ತಿರುವುದು ಇಂದಿನ ಹೊಸ್ತಿಲ ಮೇಲೆ. ಹ್ಯಾನ್ಸ್ ರೈಖೆನ್‌ಬಾಖ್ ಎಂಬ ತತ್ತ್ವಜ್ಞಾನಿ 1947ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ ಇದನ್ನು ಬಹು ಸ್ವಚ್ಛವಾಗಿ ವಿಂಗಡಿಸಿದ. ಕೆಲಸ ನಡೆದ ಹೊತ್ತು ಒಂದು, ಮಾತನಾಡುವ ಹೊತ್ತು ಒಂದು, ನಾವು ನಿಂತು ನೋಡುವ ಹೊತ್ತು ಇನ್ನೊಂದು. ‘ಹೀ ಕೇಮ್’ ಎಂದಾಗ ನೋಡುವವನು ಹಿಂದಕ್ಕೆ ಹೋಗಿ ಆ ಹೊತ್ತಿನಲ್ಲೇ ನಿಲ್ಲುತ್ತಾನೆ. ‘ಹೀ ಹ್ಯಾಸ್ ಕಮ್’ ಎಂದಾಗ ಇಲ್ಲಿಯೇ ನಿಂತು ಹಿಂದಕ್ಕೆ ನೋಡುತ್ತಾನೆ. ಘಟನೆ ಒಂದೇ; ನಿಂತ ಜಾಗ ಬೇರೆ.

ಕನ್ನಡಕ್ಕೆ ಇದು ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಹೇಳಿದ್ದು ಮೂರೇ ಕಾಲಗಳನ್ನು. ಆದರೆ ದಿನಬಳಕೆಯ ಮಾತು ಮೂರಕ್ಕೆ ನಿಲ್ಲಲಿಲ್ಲ. ‘ಬಂದಿದ್ದಾನೆ’ ಎಂಬುದು ‘ಬಂದು’ ಮತ್ತು ‘ಇದ್ದಾನೆ’ ಎಂಬ ಎರಡು ಕ್ರಿಯೆಗಳ ಕೂಡಿಕೆ. ಬಂದು, ಇದ್ದಾನೆ. ಇಂಗ್ಲಿಷಿನವರು ಇದೇ ಅರ್ಥಕ್ಕೆ ಆರಿಸಿಕೊಂಡದ್ದು ‘ಹ್ಯಾವ್’, ಅಂದರೆ ‘ಉಳ್ಳವನಾಗಿರು’ ಎಂಬ ಕ್ರಿಯೆಯನ್ನು. ‘ಬರೆದ ಕಾಗದವೊಂದು ನನ್ನ ಬಳಿ ಇದೆ’ ಎಂಬಂಥ ಮಾತೇ ಕಾಲಕ್ರಮದಲ್ಲಿ ‘ಕಾಗದ ಬರೆದಿದ್ದೇನೆ’ ಎಂದಾಯಿತು. ಬರುವ ಹೋಗುವ ಕ್ರಿಯೆಗಳಿಗೆ ಮಾತ್ರ ಅವರೂ ಬಹುಕಾಲ ‘ಹೀ ಈಸ್ ಕಮ್’ ಎಂದು ಕನ್ನಡಿಗರಂತೆಯೇ ‘ಇರು’ ಹಚ್ಚುತ್ತಿದ್ದರು. ‘ಹೀ ಈಸ್ ಗಾನ್’ ಎಂಬ ಮಾತು ಅದರ ಕುರುಹಾಗಿ ಇಂದಿಗೂ ಉಳಿದಿದೆ.

ಇಷ್ಟು ಹತ್ತಿರದ ನೆಂಟಸ್ತನವಿರುವಾಗ ತೊಡಕು ಎಲ್ಲಿ? ‘ನಿನ್ನೆ’ಯಲ್ಲಿ. ಕನ್ನಡದ ‘ಬಂದಿದ್ದಾರೆ’ ತನ್ನ ಪಕ್ಕದಲ್ಲಿ ‘ನಿನ್ನೆ’ಯನ್ನು ಸಂತೋಷದಿಂದ ಕೂರಿಸಿಕೊಳ್ಳುತ್ತದೆ. ಇಂಗ್ಲಿಷಿನ ‘ಹ್ಯಾಸ್ ಕಮ್’ ಒಲ್ಲದು. ನಿನ್ನೆ, ಹೋದ ವಾರ, 1947ರಲ್ಲಿ ಎಂದು ಗತಕಾಲದ ಗೂಟಕ್ಕೆ ಕಟ್ಟಿದೊಡನೆ ಅದು ‘ಕೇಮ್’ ಆಗಲೇಬೇಕು. ಈ ಹಟ ಎಲ್ಲ ಭಾಷೆಗಳಿಗೂ ಇಲ್ಲ. ಫ್ರೆಂಚರು, ಜರ್ಮನರು ತಮ್ಮ ಭಾಷೆಗಳಲ್ಲಿ ‘ನಿನ್ನೆ ನೋಡಿದ್ದೇನೆ’ ಎಂಬ ಕಟ್ಟಡವನ್ನು ಧಾರಾಳವಾಗಿ ಬಳಸುತ್ತಾರೆ. ಇಂಗ್ಲಿಷು ಕಲಿಯುವಾಗ ನಮ್ಮ ಹುಡುಗಿಯ ತಪ್ಪನ್ನೇ ಅವರೂ ಮಾಡುತ್ತಾರೆ. ಜರ್ಮನ್ ಭಾಷಾವಿಜ್ಞಾನಿ ವೋಲ್ಫ್‌ಗಾಂಗ್ ಕ್ಲೈನ್ 1992ರ ತನ್ನ ಪ್ರಬಂಧದ ತಲೆಬರಹದಲ್ಲೇ ಇದನ್ನು ಒಗಟೆಂದು ಕರೆದಿದ್ದಾನೆ. ಪಂಡಿತರಿಗೇ ಒಗಟಾದುದನ್ನು ಎಂಟನೆಯ ತರಗತಿಯ ಮಗು ಒಂದೇ ‘ರೂಲಿ’ನಿಂದ ಬಿಡಿಸಬೇಕೆಂದರೆ ಹೇಗೆ?

ಬಾಗಿಲು ತೆರೆದ ಪಾಠ

ಹಿಂದಿನ ತಲೆಮಾರಿನವರು ಇದನ್ನು ಕಲಿತದ್ದು ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದಿಂದ. 1930ರ ದಶಕದಲ್ಲಿ ಹೊರಬಂದು ಇಂದಿಗೂ ಮಾರಾಟವಾಗುತ್ತಿರುವ ಈ ಪುಸ್ತಕದ ಕರ್ತೃಗಳಲ್ಲೊಬ್ಬನಾದ ಪಿ. ಸಿ. ರೆನ್ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯನ್ನೂ ಬರೆದವನೆಂಬುದು ಅದರ ಅಭ್ಯಾಸಗಳೊಡನೆ ಹೆಣಗಿದ ಬಹುಮಂದಿಗೆ ತಿಳಿಯದು. ಸೂತ್ರ, ಉದಾಹರಣೆ, ಬಿಟ್ಟ ಸ್ಥಳ ತುಂಬುವುದು: ಇದೇ ಆ ಕ್ರಮ.

ಸ್ವಾತಂತ್ರ್ಯಾನಂತರ ಗಾಳಿ ಬೇರೆ ಕಡೆಯಿಂದ ಬೀಸಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಆರಂಭವಾದವು. ಆ ಕಾಲದ ಹೊಸ ಕ್ರಮದಲ್ಲಿ ಉಪಾಧ್ಯಾಯರು ಬಾಗಿಲ ಬಳಿಗೆ ನಡೆದು ‘ಐ ಆ್ಯಮ್ ಓಪನಿಂಗ್ ದ ಡೋರ್’ ಎಂದು ಹೇಳುತ್ತ ತೆರೆಯುವರು. ತೆರೆದಾದೊಡನೆ ತಿರುಗಿ ನಿಂತು ‘ಐ ಹ್ಯಾವ್ ಓಪನ್ಡ್ ದ ಡೋರ್’ ಎನ್ನುವರು. ತರಗತಿಯೆಲ್ಲ ಒಕ್ಕೊರಲಿನಿಂದ ಅದನ್ನೇ ನುಡಿಯುವುದು. ನೋಡಲು ಸೊಗಸಾದ ಪಾಠ. ಆದರೆ ಮಕ್ಕಳು ಅದರಿಂದ ತಿಳಿದುಕೊಳ್ಳುವುದೇನು? ಈಗ ತಾನೇ ಮುಗಿದ ಕೆಲಸಕ್ಕೆ ‘ಹ್ಯಾವ್’, ಹಿಂದೆ ಎಂದೋ ಮುಗಿದದ್ದಕ್ಕೆ ಬೇರೆ ಎಂದು. ಇದು ಸರಿಯಲ್ಲ. ಇಪ್ಪತ್ತು ವರ್ಷದ ಹಿಂದೆ ತಾಜಮಹಲನ್ನು ಕಂಡವನೂ ‘ಐ ಹ್ಯಾವ್ ಸೀನ್ ದ ತಾಜ್’ ಎನ್ನಬಹುದು. ಐದು ನಿಮಿಷದ ಹಿಂದೆ ಬಂದವನು ‘ಐ ಕೇಮ್ ಫೈವ್ ಮಿನಿಟ್ಸ್ ಅಗೋ’ ಎಂದೇ ಹೇಳಬೇಕು. ಹೊತ್ತು ಎಷ್ಟು ದೂರದ್ದೆಂಬುದಲ್ಲ ಪ್ರಶ್ನೆ. ಹೊತ್ತನ್ನು ಹೆಸರಿಸಿದೆವೋ ಇಲ್ಲವೋ ಎಂಬುದು.

ಅಡುಗೆಮನೆಯಿಂದ ತಾಯಿ ಕರೆದರೆ ಮಗು ಕುಳಿತಲ್ಲಿಂದಲೇ “ಬಂದೆ!” ಎನ್ನುತ್ತದೆ. ಇನ್ನೂ ಎದ್ದೇ ಇರುವುದಿಲ್ಲ! ಬಸ್ಸು ತಿರುವಿನಲ್ಲಿ ಕಂಡೊಡನೆ ನಿಲ್ದಾಣದಲ್ಲಿ “ಬಂತು, ಬಂತು” ಎಂಬ ಗದ್ದಲವೇಳುತ್ತದೆ. ಕನ್ನಡದ ಭೂತಕಾಲ ಭವಿಷ್ಯದಲ್ಲಿಯೂ ಕಾಲಿಡುವಷ್ಟು ಧೈರ್ಯಶಾಲಿ. ಇಂಥ ಭಾಷೆಯಿಂದ ಬಂದ ಮಗುವಿಗೆ ಗಡಿಯಾರ ತೋರಿಸಿ ಕಾಲವನ್ನು ಕಲಿಸುವುದು ಕಷ್ಟವೇ ಸರಿ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ‘ಇಲ್ಲ’ದಿಂದ ಆರಂಭಿಸಬಹುದು. ‘ಹಾಲಿನವನು ಇನ್ನೂ ಬಂದಿಲ್ಲ’ ಎನ್ನುವ ಮನೆಯಲ್ಲೇ ‘ಹಾಲಿನವನು ನಿನ್ನೆ ಬರಲಿಲ್ಲ’ ಎನ್ನುತ್ತಾರೆ. ಮೊದಲನೆಯದರಲ್ಲಿ ಬಾಗಿಲು ತೆರೆದೇ ಇದೆ, ಅವನು ಬರಬಹುದು. ಎರಡನೆಯದರಲ್ಲಿ ನಿನ್ನೆಯ ಲೆಕ್ಕ ಮುಗಿಯಿತು. ‘ಹ್ಯಾಸ್ ನಾಟ್ ಕಮ್’ ಮತ್ತು ‘ಡಿಡ್ ನಾಟ್ ಕಮ್’ ಇವುಗಳ ಅಂತರ ಬಹುಮಟ್ಟಿಗೆ ಇದೇ. ಆಡುಮಾತಿನಲ್ಲಿ ‘ಇನ್ನೂ ಬರಲಿಲ್ಲ’ ಎನ್ನುವವರೂ ಇದ್ದಾರೆ, ನಿಜ. ಆದರೂ ನಿಷೇಧದಲ್ಲಿ ಕನ್ನಡವು ತೋರುವ ಈ ವಿವೇಕ ಇಂಗ್ಲಿಷಿನ ಬಾಗಿಲಿಗೆ ತೀರ ಹತ್ತಿರದ ಮೆಟ್ಟಿಲು. ಮಗುವಿಗೆ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ, ತೋರಿಸಿಕೊಟ್ಟರೆ ಸಾಕು. ಇಂಗ್ಲಿಷಿನ ತರಗತಿಯಲ್ಲಿ ಕನ್ನಡದ ಸೊಲ್ಲೇ ಕೂಡದೆಂದು ದಂಡ ಹಾಕುವ ಶಾಲೆಗಳು ಈ ಮೆಟ್ಟಿಲನ್ನು ತಾವೇ ಕಿತ್ತುಹಾಕುತ್ತವೆ.

ಒಂದು ಅರ್ಜಿಯ ಅನರ್ಥ

ಇದು ಬರಿಯ ಅಂಕಗಳ ಮಾತಲ್ಲ. ಕೆಲಸಕ್ಕೆ ಅರ್ಜಿ ಹಾಕುವ ತರುಣನೊಬ್ಬ, ಈಗಿರುವ ಕಂಪನಿಯಲ್ಲಿ ಐದು ವರ್ಷದಿಂದ ‘ಇದ್ದಾನೆ’. ಕನ್ನಡದಲ್ಲಿ ಅದು ಸರಳ ವರ್ತಮಾನ; ಅದನ್ನೇ ಅನುಸರಿಸಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರೆದರೆ ವ್ಯಾಕರಣ ಕೆಡುತ್ತದೆ, ಅರ್ಥ ಉಳಿಯುತ್ತದೆ. ಹೆದರಿ ತಿದ್ದಿಕೊಂಡು ‘ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದರೆ ವ್ಯಾಕರಣ ಉಳಿದು ಅರ್ಥವೇ ಕೆಡುತ್ತದೆ: ಓದಿದವರು ಅವನು ಕೆಲಸ ಬಿಟ್ಟವನೆಂದು ತಿಳಿಯುವರು. ಬೇಕಾದದ್ದು ‘ಐ ಹ್ಯಾವ್ ವರ್ಕ್ಡ್’. ಶುಲ್ಕದ ರಿಯಾಯಿತಿ ಕೋರಿ ಬರೆಯುವ ವಿದ್ಯಾರ್ಥಿ, ಎರಡು ವರ್ಷದಿಂದ ಹಾಸಿಗೆ ಹಿಡಿದಿರುವ ತಂದೆಯ ವಿಷಯದಲ್ಲಿ ‘ಮೈ ಫಾದರ್ ವಾಸ್ ಇಲ್ ಫಾರ್ ಟೂ ಇಯರ್ಸ್’ ಎಂದನೆಂದು ಇಟ್ಟುಕೊಳ್ಳಿ. ಓದುವ ಅಧಿಕಾರಿಗೆ ತಂದೆ ಗುಣವಾದರೆಂದೋ, ತೀರಿಹೋದರೆಂದೋ ತೋರುತ್ತದೆ. ‘ವಾಸ್’ ಮತ್ತು ‘ಹ್ಯಾಸ್ ಬೀನ್’ ಇವುಗಳ ನಡುವೆ ಒಂದು ಜೀವವೇ ನಿಂತಿದೆ.

ಇದರ ಅಣ್ಣನೊಬ್ಬನಿದ್ದಾನೆ: ‘ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಯೆಸ್ಟರ್‌ಡೇ’. ಕನ್ನಡದ ‘ಬಂದಿದ್ದೆ’ಗೆ ಬಂದು ಹಿಂದಿರುಗಿದೆನೆಂಬ ಧ್ವನಿಯುಂಟು, ಇಂಗ್ಲಿಷಿನವನಾದರೋ ‘ಹ್ಯಾಡ್’ ಕೇಳಿದೊಡನೆ ‘ಯಾವುದಕ್ಕಿಂತ ಮೊದಲು?’ ಎಂದು ಕಾಯುತ್ತಾನೆ. ಅವನು ಕಾಯುತ್ತಲೇ ಇರಬೇಕು.

ಈ ಕಾಲವನ್ನು ಸೂತ್ರವಾಗಿ ಕಲಿಸಲೇಬಾರದೆಂದು ವಾದಿಸಿದವರೂ ಉಂಟು. ಬೆಂಗಳೂರಿನ ಅದೇ ಪ್ರಾದೇಶಿಕ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ನಡೆಸಿದ ಪ್ರಯೋಗವು ಜಗತ್ತಿನ ಭಾಷಾ ಬೋಧಕರಲ್ಲೆಲ್ಲ ‘ಬೆಂಗಳೂರು ಯೋಜನೆ’ ಎಂದೇ ಹೆಸರಾಯಿತು. ದಕ್ಷಿಣ ಭಾರತದ ಸಾಧಾರಣ ಶಾಲೆಗಳ ಮಕ್ಕಳಿಗೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು, ಇಂಗ್ಲಿಷಿನಲ್ಲಿ ಲೆಕ್ಕ ಬಿಡಿಸಲು ಹಚ್ಚುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ತಾನಾಗಿ ಬೇರೂರುವುದೆಂಬುದು ಪ್ರಭು ಅವರ ನಂಬಿಕೆ. ಆ ಅನುಭವವನ್ನು ಅವರು 1987ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಒಪ್ಪುವವರೂ ಒಪ್ಪದವರೂ ಇಂದಿಗೂ ಇದ್ದಾರೆ. ದಿನಕ್ಕೆ ಒಂದೇ ಗಂಟೆ ಇಂಗ್ಲಿಷು ಕೇಳುವ ಮಗುವಿಗೆ ಅರ್ಥದ ಜೊತೆಗೆ ಒಂದಿಷ್ಟು ವಿವರಣೆಯೂ ಬೇಕಾಗುತ್ತದೆ ಎಂಬುದು ತರಗತಿಯಲ್ಲಿ ನಿಂತವರ ಅನುಭವ.

ಇತ್ತ, ಹುಡುಗಿಯ ಸಮಸ್ಯೆ ಬಗೆಹರಿದಿಲ್ಲ. ‘ಮೈ ಅಂಕಲ್ ಕೇಮ್ ಯೆಸ್ಟರ್‌ಡೇ’ ಎಂದು ತಿದ್ದಿದ್ದಾಳೆ. ಆದರೆ ಅವಳಿಗೆ ಸಮಾಧಾನವಿಲ್ಲ.

“ಹೀಗೆ ಬರೆದರೆ ಮಾವ ಇನ್ನೂ ಇಲ್ಲೇ ಇದ್ದಾರೆ ಅಂತ ಗೊತ್ತಾಗೋದಿಲ್ಲವಲ್ಲಪ್ಪಾ.”

ಪತ್ರಿಕೆಯ ಹಿಂದಿನಿಂದ ಮಾವನೇ ತಲೆಯೆತ್ತುತ್ತಾರೆ. “‘ಹೀ ಹ್ಯಾಸ್ ಬೀನ್ ಹಿಯರ್ ಸಿನ್ಸ್ ಯೆಸ್ಟರ್‌ಡೇ’ ಅಂತ ಬರಿ, ಪುಟ್ಟೀ.”

ಹುಡುಗಿ ಬರೆಯುತ್ತಾಳೆ. ಬರೆದು, ಪೆನ್ಸಿಲು ಕಚ್ಚಿಕೊಂಡು ನೋಡುತ್ತಾಳೆ. ‘ಹ್ಯಾಸ್’ ಇದೆ, ‘ಯೆಸ್ಟರ್‌ಡೇ’ಯೂ ಇದೆ.

“ಮಾವಾ, ನಾಳೆ ಮೇಷ್ಟ್ರು ಇದಕ್ಕೂ ಗೀಟು ಹಾಕಿದರೆ?”

“ಹಾಕಿದರೆ ‘ಸಿನ್ಸ್’ ಅನ್ನೋದನ್ನು ತೋರಿಸು. ಆಮೇಲೂ ಹಾಕಿದರೆ ಹೇಳು, ನಾನು ಇನ್ನೂ ನಾಲ್ಕು ದಿನ ಇರ್ತೀನಿ.”